ನಕ್ಷೆಯಲ್ಲಿ ಏರಿಕೆಯನ್ನು ಗುರುತಿಸುವ ಕ್ರಮ

ಒಂದು ಪರಿಮಾಣವು ಇನ್ನೊಂದನ್ನು ಅವಲಂಬಿಸಿ ಬದಲಾಗುತ್ತಿದ್ದರೆ ಅದನ್ನು ಆ ಎರಡನೆಯದರ ಫಲನವೆಂದು ಗಣಿತಜ್ಞರು ಕರೆಯುವರು. ನಕ್ಷೆಯನ್ನು ನೋಡಿ ಫಲನವು ಎಲ್ಲಿ ಏರುತ್ತದೆಂದು ಹೇಳುವುದು ಹೈಸ್ಕೂಲಿನ ಪಾಠವಾದರೂ, ವೃತ್ತಪತ್ರಿಕೆಗಳನ್ನೋದುವ ಸರ್ವರಿಗೂ ಉಪಯುಕ್ತವಾದ ವಿದ್ಯೆಯಾಗಿದೆ.

ದೃಷ್ಟಾಂತಕ್ಕಾಗಿ ಭಾರತದ ಜನಗಣತಿಯನ್ನು ತೆಗೆದುಕೊಳ್ಳೋಣ. ಸಾವಿರ ಪುರುಷರಿಗೆ ಸ್ತ್ರೀಯರ ಸಂಖ್ಯೆಯು ೧೯೦೧ರಿಂದ ೨೦೧೧ರವರೆಗೆ, ಹತ್ತು ಹತ್ತು ವರ್ಷಗಳಿಗೊಮ್ಮೆ, ಕ್ರಮವಾಗಿ ಹೀಗಿದ್ದಿತು: ೯೭೨, ೯೬೪, ೯೫೫, ೯೫೦, ೯೪೫, ೯೪೬, ೯೪೧, ೯೩೦, ೯೩೪, ೯೨೭, ೯೩೩, ೯೪೩. ವರ್ಷಗಳನ್ನು ಅಡ್ಡಗೆರೆಯ ಮೇಲೆ, ಈ ಸಂಖ್ಯೆಗಳನ್ನು ನಿಲುಗೆರೆಯ ಮೇಲೆ ಗುರುತಿಸಿ, ಚುಕ್ಕೆಗಳನ್ನು ಸರಳರೇಖೆಗಳಿಂದ ಕೂಡಿಸಿರಿ.

ಈಗ ರೇಖೆಯನ್ನು ಎಡದಿಂದ ಬಲಕ್ಕೆ ಓದತಕ್ಕದ್ದು. ಬಲಕ್ಕೆ ಸರಿದಂತೆಲ್ಲಾ ಅದು ಮೇಲಕ್ಕೆ ಹೋಗುವ ಭಾಗವೇ ಏರಿಕೆಯ ಭಾಗ. ೧೯೪೧ರಿಂದ ೧೯೫೧, ೧೯೭೧ರಿಂದ ೧೯೮೧, ೧೯೯೧ರಿಂದ ೨೦೧೧—ಈ ಮೂರು ಅವಧಿಗಳಲ್ಲಿ ಫಲನವು ಏರಿತು, ಉಳಿದೆಡೆ ಇಳಿಯಿತು. "೯೪೫ರಿಂದ ೯೪೬" ಎಂದು ಬರೆದರೆ ಉತ್ತರವು ತಪ್ಪಾಗುವುದು. ಅವು ಫಲನದ ಬೆಲೆಗಳು; ಎಲ್ಲಿ ಏರಿತೆಂಬ ಪ್ರಶ್ನೆಗೆ ಉತ್ತರವಿರುವುದು ಅಡ್ಡಗೆರೆಯ ಮೇಲೆ.

ಇನ್ನೊಂದು ಎಚ್ಚರಿಕೆ. ೧೯೭೧ರ ೯೩೦ಕ್ಕಿಂತ ೨೦೦೧ರ ೯೩೩ ದೊಡ್ಡದು. ಆದುದರಿಂದ ಆ ಮೂವತ್ತು ವರ್ಷಗಳೂ ಏರಿಕೆಯವೆನ್ನಬಹುದೇ? ಕೂಡದು. ಅವಧಿಯಲ್ಲಿ ಯಾವ ಎರಡು ಬಿಂದುಗಳನ್ನು ಆರಿಸಿದರೂ ಬಲಗಡೆಯದೇ ಎತ್ತರವಾಗಿರಬೇಕು. ೧೯೮೧ರಿಂದ ೧೯೯೧ಕ್ಕೆ ರೇಖೆಯು ಇಳಿದಿರುವುದರಿಂದ ಈ ನಿಯಮವು ಮುರಿಯುತ್ತದೆ.

ಏರುವುದು ಬೇರೆ, ಎತ್ತರದಲ್ಲಿರುವುದು ಬೇರೆ. ೨೦೧೧ರಲ್ಲಿ ಮೇಲಕ್ಕೆ ಬಂದಿದ್ದ ರೇಖೆಯು ೧೯೦೧ರ ಮಟ್ಟಕ್ಕಿಂತ ಇನ್ನೂ ೨೯ರಷ್ಟು ಕೆಳಗಿದ್ದಿತು.

ಕಡೆಯದಾಗಿ, ಯಾವ ಫಲನದ ನಕ್ಷೆಯೆಂಬುದನ್ನು ಮೊದಲು ವಿಚಾರಿಸಬೇಕು. ಆರು ವರ್ಷದೊಳಗಿನ ಮಕ್ಕಳನ್ನು ಮಾತ್ರ ಎಣಿಸಿದರೆ, ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು ೧೯೯೧ರಲ್ಲಿ ೯೪೫ ಮಂದಿ ಇದ್ದು, ೨೦೦೧ರಲ್ಲಿ ೯೨೭ಕ್ಕೆ ಇಳಿದರು. ೨೦೧೧ರಲ್ಲಿ ಮತ್ತೂ ಇಳಿದರು. ಗರ್ಭಸ್ಥ ಶಿಶುವು ಹೆಣ್ಣೋ ಗಂಡೋ ಎಂದು ಪತ್ತೆಮಾಡುವುದನ್ನು ನಿಷೇಧಿಸುವ ಕಾಯಿದೆಯು ೧೯೯೪ರಲ್ಲಿಯೇ ಆಗಿದ್ದರೂ ಹೀಗಾಯಿತು. ಮೊದಲನೆಯ ರೇಖೆಯು ಏರುತ್ತಿದ್ದ ಅದೇ ಇಪ್ಪತ್ತು ವರ್ಷಗಳಲ್ಲಿ ಎರಡನೆಯದು ಇಳಿಯುತ್ತಿದ್ದಿತು. ಒಂದನ್ನೇ ಕಂಡು ಸಂತೋಷಪಟ್ಟವರು, ತೊಟ್ಟಿಲುಗಳಲ್ಲಿ ಹೆಣ್ಣುಕೂಸುಗಳು ಕಡಮೆಯಾಗುತ್ತಿದ್ದುದನ್ನು ಅರಿಯದೆ ಹೋದರು.

ತಾಯಂದಿರು ತಮ್ಮ ಮಕ್ಕಳೊಡನೆ ಕುಳಿತು ಎರಡು ರೇಖೆಗಳನ್ನೂ ಒಂದೇ ಕಾಗದದ ಮೇಲೆ ಎಳೆದು ನೋಡಲಿ.