ನಾಲಿಗೆಯ ಮೇಲಿನ ಬಿಳಿ ಪೊರೆ

ಕಮಲಾಪುರದ ಯಾವುದಾದರೊಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ರಾತ್ರಿಯ ಊಟಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಮನೆಯ ಹಿರಿಯರು ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾರೆ. "ಯವ್ವಾ, ಬಾಯಿ ಉರಿತದ, ನುಂಗಲಾಕ ಬರವಲ್ದು" ಎನ್ನುತ್ತಾರೆ. "ಉಷ್ಣ ಆಗಿರಬೇಕ್ರಿ ಮಾವಾ, ಮಜ್ಜಿಗಿ ಕುಡೀರಿ" ಎಂದು ಸೊಸೆ ಸಮಾಧಾನ ಹೇಳುತ್ತಾಳೆ. ಕಲಬುರಗಿ ಸೀಮೆಯ ಬಿಸಿಲಿನಲ್ಲಿ ಉಷ್ಣವೆಂಬ ಕಾರಣವನ್ನು ಯಾರೂ ಅಲ್ಲಗಳೆಯುವುದಿಲ್ಲ. ಹದಿನೈದು ದಿನ ಕಳೆದರೂ ಯಾರೂ ಅವರ ಬಾಯಿಯೊಳಗೆ ನೋಡಿರುವುದಿಲ್ಲ.

ಬ್ಯಾಟರಿ ಹಿಡಿದು ನೋಡಿದ್ದರೆ ನಾಲಿಗೆ, ಕೆನ್ನೆಯ ಒಳಬದಿ ಮತ್ತು ಅಂಗುಳದ ಮೇಲೆ ಒಡೆದ ಹಾಲಿನಂತಹ ಬಿಳಿ ಪದರು ಕಾಣುತ್ತಿತ್ತು. ಇದಕ್ಕೆ ವೈದ್ಯರು 'ಥ್ರಶ್' ಎನ್ನುತ್ತಾರೆ. ಕಾರಣ ಯೀಸ್ಟ್ ಜಾತಿಗೆ ಸೇರಿದ ಒಂದು ಬೂಷ್ಟು. ಹೆಸರು ಕ್ಯಾಂಡಿಡಾ ಅಲ್ಬಿಕನ್ಸ್. ಲ್ಯಾಟಿನ್ ಭಾಷೆಯ ಆ ಎರಡು ಪದಗಳ ಅರ್ಥವೂ ಬಿಳುಪೇ! ಈ ಜೀವಿ ಹೊರಗಿನಿಂದ ಬಂದ ಶತ್ರುವಲ್ಲ. ಆರೋಗ್ಯವಂತರಾದ ಅನೇಕರ ಬಾಯಿಯಲ್ಲಿ ಅದು ಸದ್ದಿಲ್ಲದೆ ವಾಸಿಸುತ್ತದೆ. ಜೊಲ್ಲು, ಬಾಯಿಯ ಇತರ ಸೂಕ್ಷ್ಮಜೀವಿಗಳು ಮತ್ತು ರಕ್ತದ ಬಿಳಿ ಕಣಗಳು ಅದನ್ನು ಅಂಕೆಯಲ್ಲಿ ಇಟ್ಟಿರುತ್ತವೆ. ಕಾವಲು ಸಡಿಲವಾದ ದಿನ ಅದು ಬೆಳೆಯುತ್ತದೆ. ಆದ್ದರಿಂದ ಬಿಳಿ ಪೊರೆಯನ್ನು ಕಂಡಾಗ ನಾವು ಕೇಳಬೇಕಾದ ಪ್ರಶ್ನೆ 'ಇದಕ್ಕೆ ಏನು ಹಚ್ಚಬೇಕು' ಎಂಬುದಷ್ಟೇ ಅಲ್ಲ, 'ಕಾವಲು ಏಕೆ ಸಡಿಲವಾಯಿತು' ಎಂಬುದು.

ಕಾರಣಗಳು ಹಲವು. ಹಾಲು ಕುಡಿಯುವ ಕೂಸಿನಲ್ಲಿ ಇದು ಸಾಮಾನ್ಯ. ರಾತ್ರಿಯೂ ಕಟ್ಟುಹಲ್ಲು ತೆಗೆಯದೆ ಮಲಗುವ ವೃದ್ಧರಲ್ಲಿ, ಬಹುದಿನ ಆ್ಯಂಟಿಬಯೋಟಿಕ್ ತೆಗೆದುಕೊಂಡವರಲ್ಲಿ, ಅಸ್ತಮಾಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಸೇದಿ ಬಾಯಿ ಮುಕ್ಕಳಿಸದವರಲ್ಲಿ ಕಾಣಿಸುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರನ್ನು, ಮೂತ್ರಪಿಂಡ ಕಸಿ ಮಾಡಿಸಿಕೊಂಡವರನ್ನು ವಿಶೇಷವಾಗಿ ಕಾಡುತ್ತದೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇನ್ನೊಂದು ದೊಡ್ಡ ಕಾರಣ. ತಮಗೆ ಸಕ್ಕರೆ ಇದೆಯೆಂದು ಬಾಯಿಯ ಈ ಪೊರೆಯಿಂದಲೇ ಮೊದಲು ತಿಳಿದವರೂ ಇದ್ದಾರೆ.

ಕೊನೆಯದಾಗಿ, ನಮ್ಮ ಮನೆಗಳಲ್ಲಿ ಪಿಸುಮಾತಿನಲ್ಲಿ ಮಾತ್ರ ಹೇಳುವ ಕಾರಣ, ಎಚ್‌ಐವಿ. 1981ರ ಜೂನ್ 5ರಂದು ಲಾಸ್ ಏಂಜಲೀಸ್‌ನ ಐವರು ಯುವಕರ ಅಪರೂಪದ ನ್ಯುಮೋನಿಯಾವನ್ನು ಕುರಿತು ಅಮೆರಿಕದಲ್ಲಿ ಒಂದು ಚಿಕ್ಕ ವರದಿ ಪ್ರಕಟವಾಯಿತು. ಮುಂದೆ ಏಡ್ಸ್ ಎಂದು ಹೆಸರಾದ ರೋಗದ ಮೊದಲ ವರದಿ ಅದೇ. ಆ ಐವರಲ್ಲೂ ಈ ಬೂಷ್ಟಿನ ಸೋಂಕು ಇತ್ತು. ಇಂದಿಗೂ ವಾಸಿಯಾಗದೆ ಉಳಿಯುವ ಥ್ರಶ್ ಕಂಡರೆ ವೈದ್ಯರು ರಕ್ತಪರೀಕ್ಷೆಗೆ ಹೇಳುತ್ತಾರೆ. ಹಾಗೆ ಹೇಳಿದರೆಂದು ಸಿಟ್ಟಾಗುವುದು, ಊರು ಬಿಟ್ಟು ಊರಿಗೆ ಹೋಗಿ ಔಷಧಿ ತರುವುದು ರೋಗಿಗೆ ನಾವು ಮಾಡುವ ಅನ್ಯಾಯ. ಎಚ್‌ಐವಿ ಔಷಧಿ (ಎಆರ್‌ಟಿ) ಸರ್ಕಾರದಿಂದ ಉಚಿತವಾಗಿ ದೊರೆಯಲು ಆರಂಭವಾದದ್ದು 2004ರಲ್ಲಿ. 2017ರಿಂದ ಸೋಂಕು ಪತ್ತೆಯಾದ ಎಲ್ಲರಿಗೂ ಕಾಯಿಸದೆ ಕೊಡಲಾಗುತ್ತದೆ. ಅದೇ ವರ್ಷ ಆದ ಕಾನೂನಿನಂತೆ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬಯಲು ಮಾಡುವಂತಿಲ್ಲ. ಔಷಧಿ ಹಿಡಿಸಿ ಶಕ್ತಿ ಮರಳಿದಂತೆ ಈ ಪೊರೆ ಮತ್ತೆ ಮತ್ತೆ ಬರುವುದೂ ನಿಲ್ಲುತ್ತದೆ. ಕೇಳಲು ಸಂಕೋಚವಿದ್ದವರಿಗೆ 1097 ಎಂಬ ಉಚಿತ ದೂರವಾಣಿ ಇದೆ.

ರೋಗಿಗೆ ಬೇರೆ ತಟ್ಟೆ, ಬೇರೆ ಲೋಟ ಇಡುವ ಮನೆಗಳಿವೆ. ಬಾಯಿಯ ಉರಿಗಿಂತ ಆ ತಟ್ಟೆಯೇ ಹೆಚ್ಚು ನೋಯಿಸುತ್ತದೆ. ಜೊತೆಯಲ್ಲಿ ಕುಳಿತು ಉಂಡರೆ ಎಚ್‌ಐವಿ ಬರುವುದಿಲ್ಲ. ಥ್ರಶ್ ಕೂಡ ಹಾಗೆ ಮನೆಮಂದಿಗೆಲ್ಲ ಹರಡುವ ರೋಗವಲ್ಲ. ಆ ಯೀಸ್ಟ್ ನಮ್ಮ ಬಾಯಿಯಲ್ಲೂ ಇರಬಹುದು ಎಂದು ಆಗಲೇ ಹೇಳಿದೆನಲ್ಲ.

ಒಂದು ಎಚ್ಚರಿಕೆ. ಥ್ರಶ್‌ನ ಪದರನ್ನು ವೈದ್ಯರು ಹತ್ತಿಬಟ್ಟೆಯಿಂದ ಒರೆಸಿದರೆ ಸಾಮಾನ್ಯವಾಗಿ ಕಿತ್ತು ಬರುತ್ತದೆ, ಕೆಳಗೆ ಕೆಂಪಗಾಗಿರುತ್ತದೆ. ಗುಟ್ಕಾ, ತಂಬಾಕು ಹಾಕುವವರ ಬಾಯಿಯಲ್ಲಿ ಒರೆಸಿದರೂ ಹೋಗದ ಬಿಳಿ ಕಲೆ ಇದ್ದರೆ ಅದು ಬೇರೆ, ಕ್ಯಾನ್ಸರಿಗೆ ತಿರುಗಬಲ್ಲದ್ದು. ಮನೆಯಲ್ಲಿ ಕೆರೆದು ಪರೀಕ್ಷಿಸಲು ಹೋಗಬೇಡಿ. ಕಮಲಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಅಲ್ಲಿಂದ ಕಳುಹಿಸಿದರೆ ಹುಮನಾಬಾದ್ ರಸ್ತೆಯ ಬಸ್ಸು ಹತ್ತಿ ಕಲಬುರಗಿಯ ಜಿಮ್ಸ್‌ಗೆ ಹೋಗಿ.

ಔಷಧಿ ಕಷ್ಟದ್ದೇನಲ್ಲ. ಹಿಂದೆ ದಾದಿಯರು ನೇರಳೆ ಬಣ್ಣದ ಜೆನ್ಷನ್ ವಯೊಲೆಟ್ ಹಚ್ಚುತ್ತಿದ್ದರು. ಮಕ್ಕಳ ನೇರಳೆ ತುಟಿ ಕಂಡ ನೆನಪು ಹಿರಿಯರಿಗೆ ಇರಬಹುದು. 1950ರಲ್ಲಿ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಮಣ್ಣಿನ ಜೀವಿಯೊಂದರಿಂದ ನಿಸ್ಟಾಟಿನ್ ಪಡೆದರು. ಬಂದ ರಾಯಧನವನ್ನು ತಾವಿಟ್ಟುಕೊಳ್ಳದೆ ಸಂಶೋಧನೆಗೇ ಬಿಟ್ಟರು. ಈಗ ಕ್ಲೋಟ್ರಿಮಜೋಲ್ ದ್ರವವನ್ನೂ ಬಾಯಿಗೆ ಹಚ್ಚಲು ಕೊಡುತ್ತಾರೆ. ಹಚ್ಚಿದ ಮೇಲೆ ಅರ್ಧ ಗಂಟೆಯಾದರೂ ಏನೂ ತಿನ್ನಬಾರದು. ಎರಡು ಮೂರು ದಿನಕ್ಕೆ ಬಿಳುಪು ಹೋಯಿತೆಂದು ನಿಲ್ಲಿಸದೆ, ಹೇಳಿದಷ್ಟು ದಿನ, ಸಾಮಾನ್ಯವಾಗಿ ಒಂದೆರಡು ವಾರ, ಮುಂದುವರಿಸಬೇಕು. ನುಂಗುವಾಗ ಎದೆಯೊಳಗೆ ನೋವಾದರೆ ಸೋಂಕು ಅನ್ನನಾಳಕ್ಕೆ ಇಳಿದಿರಬಹುದು. ಆಗ ಹಚ್ಚುವ ಔಷಧಿ ಸಾಲದು, ಫ್ಲುಕೊನಜೋಲ್ ಮಾತ್ರೆ ಬೇಕಾಗುತ್ತದೆ. ಅದು ಬೇರೆ ಹಲವು ಮಾತ್ರೆಗಳೊಂದಿಗೆ ಹೊಂದುವುದಿಲ್ಲ, ಗರ್ಭಿಣಿಯರಿಗಂತೂ ವೈದ್ಯರೇ ನಿರ್ಧರಿಸಬೇಕು. ಅಂಗಡಿಯಲ್ಲಿ ಕೇಳಿ ತಂದು ನುಂಗಬೇಡಿ.

ಪರಮಪ್ರಸಾದವನ್ನು ನುಂಗಲಾರೆನೆಂದು ಪೂಜೆಗೇ ಬಾರದಿರುವ ರೋಗಿಗಳಿದ್ದರೆ ಗುರುಗಳಿಗೆ ತಿಳಿಸಿ. ಚಿಕ್ಕ ಚೂರನ್ನು ಕೊಡಬಹುದು. ಅದೂ ಆಗದಿದ್ದರೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಲು ಧರ್ಮಸಭೆಯ ಕಾನೂನಿನ 925ನೆಯ ವಿಧಿಯಲ್ಲಿ ಅವಕಾಶವಿದೆ. ನೀರು ಮತ್ತು ಔಷಧಿಯಿಂದ ಪರಮಪ್ರಸಾದಕ್ಕೆ ಮುಂಚಿನ ಉಪವಾಸ ಮುರಿಯುವುದಿಲ್ಲ.

ಇನ್ನು ಊಟ. ವಾಸಿಯಾಗುವವರೆಗೆ ಖಾರ, ಹುಳಿ, ಕಟಿ ರೊಟ್ಟಿ ಬೇಡ. ಮೆತ್ತಗೆ ಬೇಯಿಸಿದ ಅನ್ನಕ್ಕೆ ಮೊಸರು, ಆರಿದ ಜೋಳದ ಅಂಬಲಿ, ತೆಳ್ಳಗಿನ ಬೇಳೆ ಸಾರು ಕೊಡಿ. ಕಮಲಾಪುರದವರಿಗೆ ತಮ್ಮ ಊರಿನ ಕೆಂಪು ಬಾಳೆಹಣ್ಣೇ ಇದೆ. ಹಿಸುಕಿ ಕೊಟ್ಟರೆ ಸುಲಭವಾಗಿ ಇಳಿಯುತ್ತದೆ. ಸಕ್ಕರೆ ಕಾಯಿಲೆಯವರಾದರೆ ಎಷ್ಟು ಹಣ್ಣು ಎಂಬುದನ್ನು ವೈದ್ಯರಲ್ಲಿ ಕೇಳಿಕೊಳ್ಳಿ.