ಬೀಳುವ ಹಲ್ಲೆಂದು ಬಿಡಬೇಡಿ

ಪ್ರಶ್ನೆ: ಮಗಳಿಗೆ ಆರು ವರ್ಷ. ಹುಟ್ಟಿನಿಂದ ಇದ್ದ ಸೀಳುತುಟಿ, ಸೀಳು ಅಂಗಳಕ್ಕೆ ಆಪರೇಷನ್ ಆಗಿದೆ. ಸೀಳಿನ ಪಕ್ಕದ ಹಾಲುಹಲ್ಲು ಓರೆಯಾಗಿದ್ದು ಹುಳುಕಾಗಿದೆ. ಬ್ರಷ್ ಮುಟ್ಟಿಸಿದರೆ ಅಳುತ್ತಾಳೆ. ಹೇಗೂ ಬೀಳುವ ಹಲ್ಲಲ್ಲವೇ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಆ ಹಲ್ಲನ್ನು ಅಲಕ್ಷಿಸಬೇಡಿ. ಸೀಳಿನ ಅಕ್ಕಪಕ್ಕ ಹಲ್ಲು ಓರೆಯಾಗುವುದು, ಹೆಚ್ಚುವರಿ ಹಲ್ಲು ಮೂಡುವುದು ಅಥವಾ ಒಂದು ಹಲ್ಲು ಬಾರದೇ ಇರುವುದು ಸಾಮಾನ್ಯ. ಹೊಲಿಗೆಯ ಕಲೆಯಿಂದ ತುಟಿ ಬಿಗಿಯಾಗಿರುತ್ತದೆ. ಹಾಗಾಗಿ ಅಲ್ಲಿ ಬ್ರಷ್ ತಲುಪದೆ ಅನ್ನದ ಅಗುಳು ನಿಂತು ಹುಳುಕಾಗುತ್ತದೆ.

ಮಗುವನ್ನು ತೊಡೆಯ ಮೇಲೆ ಮಲಗಿಸಿ, ಬೆರಳಿನಿಂದ ತುಟಿಯನ್ನು ಮೆಲ್ಲಗೆ ಎತ್ತಿ, ಚಿಕ್ಕ ತಲೆಯ ಮೃದು ಬ್ರಷ್‌ನಿಂದ ನೀವೇ ಉಜ್ಜಿ. ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ದಿನಕ್ಕೆರಡು ಸಲ, ರಾತ್ರಿಯಂತೂ ತಪ್ಪದೆ. ಉಜ್ಜಿದ ಮೇಲೆ ಹಾಲು, ಬಿಸ್ಕೆಟ್ ಬೇಡ.

ಮುಂದೆ, ಸಾಮಾನ್ಯವಾಗಿ 8ರಿಂದ 11 ವರ್ಷದೊಳಗೆ, ಶಾಶ್ವತ ಕೋರೆಹಲ್ಲು ಮೂಡುವ ಮೊದಲು, ವಸಡಿನ ಸೀಳಿಗೆ ಮೂಳೆ ತುಂಬುವ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಮೂಳೆಯನ್ನು ಹೆಚ್ಚಾಗಿ ಸೊಂಟದಿಂದ ತೆಗೆಯುತ್ತಾರೆ. ಬಾಯಲ್ಲಿ ಹುಳುಕು, ವಸಡಿನ ಊತ ಇದ್ದರೆ ಸೋಂಕು ತಗುಲಿ ಆ ಮೂಳೆ ಕೂಡಿಕೊಳ್ಳದೇ ಹೋಗಬಹುದು. ಇಂದಿನ ಹಾಲುಹಲ್ಲಿನ ಆರೈಕೆ ಅದಕ್ಕೂ ಸಿದ್ಧತೆ.

ಈ ವಾರವೇ ಮಕ್ಕಳ ದಂತವೈದ್ಯರಿಗೆ ತೋರಿಸಿ. ಫ್ಲೋರೈಡ್ ವಾರ್ನಿಷ್ ಬಗ್ಗೆ ಕೇಳಿ. ವೈದ್ಯರು ಹೇಳದೆ ಹಲ್ಲು ಕೀಳಿಸಬೇಡಿ. ಖರ್ಚಿನ ಚಿಂತೆಯಿದ್ದರೆ ನಿಮ್ಮ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ಸೀಳುತುಟಿ, ಸೀಳು ಅಂಗಳವೂ ಸೇರಿದೆ.

ಮಗಳ ನಗು ತುಟಿಯ ಹೊಲಿಗೆಗೆ ಮುಗಿಯುವುದಿಲ್ಲ. ದಿನವೂ ಅದನ್ನು ಕಾಯಬೇಕಾದ ಕೈ ನಿಮ್ಮದು.