ಕುಲುಮೆಯಿಂದ ಬಂದ ಹೆಸರು: ಕೊವಾಲ್ಸ್ಕಿ

ಪೋಲೆಂಡಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಮನೆತನದ ಹೆಸರುಗಳಲ್ಲಿ 'ನೊವಾಕ್' ಮೊದಲನೆಯದು, 'ಕೊವಾಲ್ಸ್ಕಿ' ಎರಡನೆಯದು. ಪೋಲಿಷ್ ಭಾಷೆಯಲ್ಲಿ 'ಕೊವಾಲ್' ಎಂದರೆ ಕಮ್ಮಾರ. 'ಸ್ಕಿ' ಸಂಬಂಧಸೂಚಕ ವಿಶೇಷಣ ಪ್ರತ್ಯಯ. ಆದ್ದರಿಂದಲೇ ಈ ಹೆಸರು ಲಿಂಗಾನುಸಾರವಾಗಿ ಬದಲಾಗುತ್ತದೆ: ಪುರುಷನು ಕೊವಾಲ್ಸ್ಕಿ, ಸ್ತ್ರೀಯು ಕೊವಾಲ್ಸ್ಕಾ. 'ಕೊವಾಲ್ಚಿಕ್' ಎಂಬ ಹೆಸರು ಕಮ್ಮಾರನ ಮಗನನ್ನು ಅಥವಾ ಶಿಷ್ಯನನ್ನು ಸೂಚಿಸುತ್ತದೆ.

ನೇಗಿಲಿನ ಗುಳ, ಕುದುರೆಯ ಲಾಳಗಳಿಗಾಗಿ ಊರೂರಿಗೂ ಕಮ್ಮಾರನು ಬೇಕಿದ್ದನು. ಹೆಸರು ಎಲ್ಲೆಡೆ ಹರಡಲು ಇದೇ ಮುಖ್ಯ ಕಾರಣ. ಆದರೆ 'ಸ್ಕಿ' ಮೊದಲು ಒಡೆತನದ ಊರಿನಿಂದ ಹೆಸರು ಪಡೆದ ಕುಲೀನರ ಗುರುತಾಗಿತ್ತು. ಕಾಲಕ್ರಮದಲ್ಲಿ ರೈತರೂ ಕುಶಲಕರ್ಮಿಗಳೂ ಅದನ್ನು ತಮ್ಮದಾಗಿಸಿಕೊಂಡರು. ಕೊವಾಲ್, ಕೊವಾಲೆ ಮುಂತಾದ ಊರುಗಳಿಂದಲೂ ಈ ಹೆಸರು ಬಂದಿರುವುದರಿಂದ ಪ್ರತಿಯೊಬ್ಬ ಕೊವಾಲ್ಸ್ಕಿಯ ಪೂರ್ವಜನೂ ಕಮ್ಮಾರನೆನ್ನಲಾಗದು. ಇಂದು 'ಯಾನ್ ಕೊವಾಲ್ಸ್ಕಿ' ಎಂದರೆ ಪೋಲೆಂಡಿನ ಸಾಮಾನ್ಯ ಪ್ರಜೆ. ಅರ್ಜಿಯ ಮಾದರಿಗಳಲ್ಲಿಯೂ ಅದೇ ಹೆಸರು.

ತರಗತಿಯಲ್ಲಿ: ಇಂಗ್ಲಿಷಿನ ಸ್ಮಿತ್, ಜರ್ಮನ್ನಿನ ಶ್ಮಿಟ್, ಹಂಗೇರಿಯ ಕೊವಾಚ್, ನಮ್ಮ ಕಮ್ಮಾರ, ಇವುಗಳನ್ನು ಕರಿಹಲಗೆಯ ಮೇಲೆ ಒಟ್ಟಿಗೆ ಬರೆಯಿರಿ. ಒಂದೇ ಕುಲುಮೆಯ ಕಿಡಿಗಳು ಎಷ್ಟು ಭಾಷೆಗಳಲ್ಲಿ ಹಾರಿವೆಯೆಂಬುದನ್ನು ಮಕ್ಕಳೇ ಕಾಣಲಿ. ಆದರೆ ಯಾವ ಮಗುವಿನ ಹೆಸರನ್ನೂ ಹಿಡಿದು ಜಾತಿಯನ್ನು ಕೇಳಬಾರದು. ನಗೆಗೆ ಆಸ್ಪದ ಕೊಡಬಾರದು. ವೃತ್ತಿನಾಮವು ಹಿರಿಯರ ದುಡಿಮೆಯ ನೆನಪೇ ಹೊರತು ಮಗುವಿನ ಯೋಗ್ಯತೆಯ ಅಳತೆಗೋಲಲ್ಲ.

ಅಭ್ಯಾಸ: ಕುಂಬಾರ, ಬಡಿಗೇರ, ಪತ್ತಾರ ಎಂಬ ಹೆಸರುಗಳ ಹಿಂದಿನ ಕಸುಬು, ಉಪಕರಣಗಳನ್ನು ಪಟ್ಟಿಮಾಡಿಸಿರಿ.